ದೊಡ್ಡಪ್ಪನ ತಡ

ನೆಂಟರಿಷ್ಟರ ಪಾಲಿಗೆಲ್ಲ ದೊಡ್ಡಪ್ಪನಾಗಿದ್ದ ಆ ಮನುಷ್ಯ ವೀಕ್ಷಣಾಲಯದ ಒಂದೇ ದೂರದರ್ಶಕದ ಮುಂದೆ ಕೂತು ತಲೆ ನರೆಸಿಕೊಂಡವನು. ಎರಡು ಕಲ್ಲುಕಂಬಗಳ ನಡುವೆ ಕೂರಿಸಿದ್ದ ಅದು ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತೇ ಹೊರತು ಅತ್ತಿತ್ತ ತಿರುಗುತ್ತಿರಲಿಲ್ಲ. ನಕ್ಷತ್ರ ತಾನಾಗಿ ಬಂದು ಕಣ್ಣೆದುರಿನ ಸಣ್ಣ ಎಳೆಯೊಂದನ್ನು ದಾಟಬೇಕು. ದಾಟಿದ ಕ್ಷಣಕ್ಕೆ ದೊಡ್ಡಪ್ಪ ಗುಂಡಿ ಒತ್ತಬೇಕು. ಆ ಕ್ಷಣದಿಂದಲೇ ಆಕಾಶದಲ್ಲಿ ನಕ್ಷತ್ರದ ಜಾಗ ಲೆಕ್ಕವಾಗುತ್ತಿತ್ತು. ಎಷ್ಟು ಜನ ಬಂದು ಹೋದರೂ ಆ ಕುರ್ಚಿ ಮಾತ್ರ ಅವನದೇ. ತನ್ನಷ್ಟು ಕರಾರುವಾಕ್ಕಾದ ಕೈ ಇನ್ನೊಂದಿಲ್ಲವೆಂದು ಬೀಗುತ್ತಿದ್ದ. ಊಟಕ್ಕೆ ಕರೆದರೂ ಹೊತ್ತಿಗೆ ಸರಿಯಾಗಿ ಬಂದ ಮನುಷ್ಯನಲ್ಲ ಎಂದು ಮನೆಯಲ್ಲಿ ದೊಡ್ಡಮ್ಮ ಗೊಣಗುತ್ತಿದ್ದಳು.

ಒಂದು ದಿನ ಚಹಾ ಕುಡಿಯುವಾಗ ಲೆಕ್ಕದ ಕೋಣೆಯ ಹೆಂಗಸು ಗುಟ್ಟು ಬಿಟ್ಟುಕೊಟ್ಟಳು. ಗುಂಡಿ ಒತ್ತುವುದರಲ್ಲಿ ಎಲ್ಲರೂ ತುಸು ಹಿಂದುಮುಂದಾಗುತ್ತಾರಂತೆ. ದೊಡ್ಡಪ್ಪನದು ಎಲ್ಲರಿಗಿಂತ ತಡವಂತೆ. ಆದರೆ ಜ್ವರವಿರಲಿ, ಜಗಳವಿರಲಿ, ಆ ತಡ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗಿರಲಿಲ್ಲ.

"ನೀವು ಒತ್ತಿದ ಹೊತ್ತಿನಿಂದ ಅಷ್ಟನ್ನ ಕಳೆದುಬಿಟ್ರೆ ನಮ್ಮ ಕೆಲಸ ಮುಗೀತು," ಎಂದಳು, ಹೊಗಳುವ ಧಾಟಿಯಲ್ಲೇ.

ದೊಡ್ಡಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಜೀವಮಾನವಿಡೀ ತಡ ಮಾಡಿದವನು ತಾನು ಎಂಬ ಅವಮಾನ ಕೊರೆಯಿತು. ಅಂದಿನಿಂದ ಬೆರಳನ್ನು ಅವಸರಪಡಿಸತೊಡಗಿದ. ಒಮ್ಮೆ ಮುಂಚೆ, ಒಮ್ಮೆ ಸರಿಯಾಗಿ, ಒಮ್ಮೆ ಮತ್ತೆ ತಡ. ಯುಗಯುಗದಿಂದ ಜಾಗ ಬಿಡದ ನಕ್ಷತ್ರಗಳು ಕಾಗದದ ಮೇಲೆ ಕುಣಿಯತೊಡಗಿದವು. ಕಂಬ ಕುಸಿದಿರಬೇಕೆಂದು ನಿರ್ದೇಶಕರು ಅಡಿಪಾಯ ಅಗೆಸಿದರು. ಕಂಬ ಕಲ್ಲಿನ ಹಾಗೇ ಇತ್ತು. ಕೊನೆಗೆ ದೊಡ್ಡಪ್ಪನೇ ಹೋಗಿ, ತಾನು ತಿದ್ದಿಕೊಳ್ಳುತ್ತಿದ್ದೇನೆಂದು ಹೆಮ್ಮೆಯಿಂದಲೇ ಹೇಳಿದ.

ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತರು. "ನಿಮಗೆ ತಿದ್ದಿಕೊಳ್ಳಿ ಅಂತ ಹೇಳಿದವರು ಯಾರು? ದಯವಿಟ್ಟು ಮೊದಲಿನ ಹಾಗೇ ತಡ ಮಾಡಿ."

ಪಾಪ, ಮಾಡಿ ನೋಡಿದ. ಬೇಕೆಂದೇ ತಡ ಮಾಡಲು ಹೋದರೆ ಆ ಹಳೆಯ ತಡ ಕೈಗೇ ಬರಲೊಲ್ಲದು. ಕೆಲವೇ ವಾರಗಳಲ್ಲಿ ಕುರ್ಚಿ ಬೇರೆಯವನ ಪಾಲಾಯಿತು. ದೊಡ್ಡಪ್ಪನಿಗೆ ಉಳಿದದ್ದು ನೋಡಲು ಬಂದವರಿಗೆ ಕಟ್ಟಡ ತೋರಿಸುವ ಕೆಲಸ.

ಕುರ್ಚಿ ಬಿಟ್ಟುಕೊಟ್ಟ ಸಂಜೆ ದೊಡ್ಡಮ್ಮ ಊಟಕ್ಕೆ ಕರೆದ ಕೂಡಲೇ ಅವನು ಎದ್ದು ಹೋಗಿ ತಟ್ಟೆಯ ಮುಂದೆ ಕೂತ. ಒಲೆಯ ಮೇಲೆ ಅನ್ನ ಇನ್ನೂ ಕುದಿಯುತ್ತಿತ್ತು.

"ಇದೇನ್ರೀ, ಕರೆದ ತಕ್ಷಣ ಬಂದ್ರಿ?" ದೊಡ್ಡಮ್ಮ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು. "ನೀವು ಬರೋ ಹೊತ್ತಿಗೆ ಸರಿಹೋಗ್ಲಿ ಅಂತ ಮದುವೆಯಾದಾಗಿಂದ ನಾನು ಮುಂಚೇನೇ ಕರೀತಿರೋದು."

ಅಂದರೆ ಲೆಕ್ಕದ ಕೋಣೆ ಮನೆಯಲ್ಲೂ ಒಂದಿತ್ತು. ದೊಡ್ಡಪ್ಪ ಅನ್ನ ಬೇಯುವವರೆಗೂ ಖಾಲಿ ತಟ್ಟೆಯ ಮುಂದೆ ಕೂತೇ ಇದ್ದ.