ಬೀಗರ ಊಟದ ದಿನ ಮಗ ಕಾರಿನ ಕೀ ವಾಪಸ್ ಕೊಟ್ಟದ್ದು

ನಾನು ನಿಂತಿದ್ದದ್ದು ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಛತ್ರದ ಮುಂಬಾಗಿಲಲ್ಲಿ, ಮೇಲಿನಿಂದ ಮೂರನೆಯ ಮೆಟ್ಟಿಲಿನ ಮೇಲೆ. ಮೂರು ವರ್ಷದ ಹಿಂದೆ, ಚಳಿ ಇನ್ನೂ ಪೂರ್ತಿ ಬಿಟ್ಟಿರದ ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತಿತ್ತು. ಅಷ್ಟರೊಳಗೆ ಬೀಗರು ಬಾಪೂಜಿ ನಗರದ ತಮ್ಮ ಮನೆ ಸೇರಬೇಕಿತ್ತು. ಹಾಗಾಗಿ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಅಂದು ನನ್ನ ಮಗಳ ಮದುವೆಯ ಬೀಗರ ಊಟ. ನಮ್ಮದು ಮಾರೇನಹಳ್ಳಿಯ ಹಳೆಯ ಮನೆತನ. ಬೀಗರ ಊಟ ಮುಗಿದ ಮೇಲೆ ಗಂಡಿನ ಕಡೆಯ ಹಿರಿಯರನ್ನು ಹೆಣ್ಣಿನ ಅಣ್ಣನೋ ತಮ್ಮನೋ ತಾನೇ ಕರೆದುಕೊಂಡು ಹೋಗಿ ಅವರ ಹೊಸ್ತಿಲಿಗೆ ಬಿಟ್ಟು ಬರಬೇಕು ಎನ್ನುವುದು ನಮ್ಮ ಮನೆಯ ರೂಢಿ. ಹಿಂದೆ ಎತ್ತಿನ ಗಾಡಿ, ಈಗ ಕಾರು. ಬಾಡಿಗೆ ಡ್ರೈವರ್ ಕೈಯಲ್ಲಿ ಕಳಿಸಿದರೆ ಮರ್ಯಾದೆ ಕಡಿಮೆ ಮಾಡಿದ ಹಾಗೆ.

ನಮ್ಮಲ್ಲಿ ಬೀಗರ ಊಟಕ್ಕೆ ಇನ್ನೊಂದು ರೂಢಿಯೂ ಸೇರಿಕೊಂಡಿದೆ. ಅದನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಹಿಂದುಗಡೆ ವ್ಯವಸ್ಥೆ’ ಎನ್ನುತ್ತಾರೆ. ಅಡುಗೆಮನೆಯ ಹಿಂದೆ ಟಾರ್ಪಾಲು ಕಟ್ಟಿ, ಕುರ್ಚಿ ಹಾಕಿ, ಬಾಟಲಿ ಇಡುವುದು. ನಾನು ಹುಡುಗನಾಗಿದ್ದಾಗ ಅಲ್ಲಿಗೆ ಐವತ್ತು ದಾಟಿದವರು ಹೋಗುತ್ತಿದ್ದರು, ಟವೆಲ್‌ನಲ್ಲಿ ಬಾಯಿ ಒರೆಸಿಕೊಂಡು ತಲೆ ತಗ್ಗಿಸಿ ಬರುತ್ತಿದ್ದರು. ಈಗ ಅಲ್ಲಿ ಹೆಚ್ಚಿಗೆ ಇರುವವರು ಕಾಲೇಜಿನ ಹುಡುಗರು. ತಲೆ ತಗ್ಗಿಸುವುದಿಲ್ಲ, ಫೋಟೋ ತೆಗೆದುಕೊಳ್ಳುತ್ತಾರೆ.

ನಾನು ಕುಡಿಯುವುದಿಲ್ಲ. ಇಪ್ಪತ್ತಾರು ವರ್ಷ ವಿಜಯನಗರದಲ್ಲಿ ಪಿಯು ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ. ಮಧ್ಯಾಹ್ನದ ಮೊದಲ ಪೀರಿಯಡ್ಡಿನಲ್ಲಿ ಕೊನೆಯ ಬೆಂಚಿನಿಂದ ಬರುವ ವಾಸನೆ ನನಗೆ ಗೊತ್ತು. ಹುಟ್ಟುಹಬ್ಬದ ಟ್ರೀಟ್ ಮುಗಿಸಿ ಬೈಕ್ ಹತ್ತಿದ ಒಬ್ಬ ಹುಡುಗ ಪರೀಕ್ಷೆಗೆ ಬರಲೇ ಇಲ್ಲ. ಅವನ ಹಾಲ್ ಟಿಕೆಟ್ ಬಹಳ ದಿನ ನನ್ನ ಡ್ರಾಯರಿನಲ್ಲೇ ಇತ್ತು. ಪೋಷಕರ ಸಭೆಗಳಲ್ಲಿ, ಮಗನ ಬಾಯಿಯ ವಾಸನೆ ಗೊತ್ತಾದರೂ ಗೊತ್ತಾಗದ ಹಾಗೆ ಇರಬೇಡಿ ಎಂದು ನಾನೇ ಹೇಳುತ್ತಿದ್ದೆ. ಆದರೂ ಮಗಳ ಬೀಗರ ಊಟಕ್ಕೆ ಹಿಂದುಗಡೆ ವ್ಯವಸ್ಥೆ ಮಾಡಿಸಿದವನು ನಾನೇ. ಬೇಡ ಎಂದಿದ್ದೆ. ಬೀಗರ ಕಡೆಯವರು ಆಡಿಕೊಳ್ಳುತ್ತಾರೆ ಎಂದು ನನ್ನ ಅಣ್ಣ ಹೇಳಿದಾಗ ಸುಮ್ಮನಾದೆ.

ಮೂರು ಗಂಟೆಗೆ ನಮ್ಮ ಏಳು ಸೀಟಿನ ಕಾರನ್ನು ಮೆಟ್ಟಿಲ ಬುಡಕ್ಕೆ ತಂದು ನಿಲ್ಲಿಸಿದ್ದೆ. ಅಳಿಯನ ಅಜ್ಜಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಅವರಿಗೆ ಎಂಬತ್ತರ ಮೇಲೆ, ಮಂಡಿ ನೋವು, ಹತ್ತಿಸಲು ಇಬ್ಬರು ಬೇಕಾಗಿತ್ತು. ನಡುವೆ ಅವರ ಸೊಸೆ, ಅಂದರೆ ನನ್ನ ಬೀಗಿತ್ತಿ, ತೊಡೆಯ ಮೇಲೆ ಅವರ ಹಿರಿಯ ಮಗನ ಮೂರು ವರ್ಷದ ಮಗು. ಪಕ್ಕದಲ್ಲಿ ನನ್ನ ಮಗಳು. ಅಳಿಯ ಉಳಿದ ನೆಂಟರನ್ನು ಕಳಿಸಿ ಬರುವವನಿದ್ದ.

ಮಗನನ್ನು ಕೂಗಿಸಿದೆ. ಅವನಿಗೆ ಆಗ ಇಪ್ಪತ್ನಾಲ್ಕು. ಹಿಂದುಗಡೆಯಿಂದ ಬಂದ. ಹೆಜ್ಜೆ ನೆಟ್ಟಗಿತ್ತು, ಕಣ್ಣು ಸ್ವಲ್ಪ ಕೆಂಪಾಗಿತ್ತು. ಕೀ ಕೊಡಲು ಕೈ ಚಾಚಿದಾಗ ಏಲಕ್ಕಿಯ ವಾಸನೆ ಬಂತು, ಏಲಕ್ಕಿಯ ಕೆಳಗೆ ಇನ್ನೊಂದು ವಾಸನೆಯೂ ಬಂತು. ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ನಾನು ಕೀ ಅವನ ಕೈಗೆ ಇಟ್ಟೆ. ಬೀಗಿತ್ತಿ ನೋಡುತ್ತಿದ್ದರು. ಮೂರು ಇಪ್ಪತ್ತಾಗಿತ್ತು. ನಾನು ಮಾಡಿದ್ದು ಇಷ್ಟು. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಲಾರೆ.

ಅವನು ಎರಡು ಮೆಟ್ಟಿಲು ಇಳಿದು ಕಾರಿನೊಳಗೆ ನೋಡಿದ. ಮಗುವನ್ನು ನೋಡಿದನೋ ಅಜ್ಜಿಯನ್ನು ನೋಡಿದನೋ ತಿಳಿಯದು. ತಿರುಗಿ ಮೇಲೆ ಬಂದ.

“ಕೀ ತಗೊಳಪ್ಪ. ನಾನು ಓಡ್ಸಲ್ಲ.”

ನನ್ನ ಅಣ್ಣ ಪಕ್ಕದಲ್ಲೇ ಇದ್ದ. ದನಿ ತಗ್ಗಿಸಿ ಗದರಿದ. “ಬೀಗರು ಹತ್ತಿ ಕೂತವ್ರೆ ಕಣೋ. ಒಂದು ಗ್ಲಾಸ್‌ಗೆ ಏನೂ ಆಗಲ್ಲ, ಹತ್ತು.”

“ಎರಡು ಗ್ಲಾಸ್ ದೊಡ್ಡಪ್ಪ. ಎರಡೂ ಪೂರ್ತಿ ಕುಡ್ದಿದೀನಿ.”

ಹಿಂದೆ ಬಂದು ನಿಂತಿದ್ದ ಅಳಿಯನ ಗೆಳೆಯರು ನಕ್ಕರು. ಭಾಮೈದ ಮುಟ್ಟದೆ ಹೋದರೆ ನಮಗೆ ಅವಮಾನ ಎಂದು ಅವನಿಗೆ ಗ್ಲಾಸು ಹಿಡಿಸಿದ್ದವರು ಅವರೇ ಎಂದು ಆಮೇಲೆ ತಿಳಿಯಿತು. “ಏನ್ ಮಗಾ, ಎರಡಕ್ಕೇ ಫ್ಲಾಟಾ?” ಎಂದ ಒಬ್ಬ. ಮಗ ಅವನ ಕಡೆ ನೋಡಲಿಲ್ಲ. ನೇರ ಕಾರಿನ ಎಡಗಡೆಗೆ ಹೋಗಿ, ಕಿಟಕಿಯ ಮಟ್ಟಕ್ಕೆ ಬಗ್ಗಿ, ಅಜ್ಜಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ಅಜ್ಜಿಗೆ ಕಿವಿ ಮಂದ. ಹಾಗಾಗಿ ಎಲ್ಲರಿಗೂ ಕೇಳಿಸಿತು.

“ಅಜ್ಜಿ, ನಾನು ಕುಡ್ದಿದೀನಿ. ನಿಮ್ಮನ್ನ ಕೂರಿಸ್ಕೊಂಡು ಗಾಡಿ ಓಡ್ಸಬಾರ್ದು. ತಪ್ಪಾಯ್ತು.”

ಹೊಸ ಮನೆಗೆ ಹೋಗುವ ಮಗಳ ಎದುರಿಗೇ ಅವಳ ತವರಿನ ಮಾನ ಹೋಯಿತು ಎಂದುಕೊಂಡೆ. ಬೀಗಿತ್ತಿ ಮುಖ ಆ ಕಡೆ ತಿರುಗಿಸಿದರು. ಅಜ್ಜಿ ಮಾತ್ರ ಅವನ ಕಡೆಗೇ ತಿರುಗಿ ಹೇಳಿದರು.

“ಹೇಳ್ದೆಯಲ್ಲ, ಸರಿ ಬಿಡು. ಆದ್ರೆ ನನ್ನ ಮಾತ್ರ ಇಳಿಸ್ಬೇಡ್ರಪ್ಪ. ಇನ್ನೊಂದ್ಸಲ ಹತ್ತಕ್ಕಾಗಲ್ಲ.”

ಬೀಗಿತ್ತಿಗೂ ನಗು ತಡೆಯಲಾಗಲಿಲ್ಲ. ಆ ಹೊತ್ತಿಗೆ ಮಗಳು ಬಾಗಿಲು ತೆರೆದು ಇಳಿದಿದ್ದಳು. ರೇಷ್ಮೆ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕಳಚಿ ಸೀಟಿನ ಕೆಳಗೆ ತಳ್ಳಿ, ಕೀಗಾಗಿ ನನ್ನ ಮುಂದೆ ಕೈ ಚಾಚಿದಳು. ಮದುಮಗಳೇ ಗಂಡನ ಮನೆಯವರನ್ನು ಕೂರಿಸಿಕೊಂಡು ಓಡಿಸುವುದೇ ಎಂದು ಅಣ್ಣ ಗೊಣಗಿದ. ಅವಳು ತಮ್ಮನಿಗೆ, “ನೀನು ಹಿಂದೆ ಕೂತ್ಕೊ. ಹೊಸ್ತಿಲ ತನಕ ಬರ್ಬೇಕು ತಾನೆ, ಬಾ” ಎಂದಳು. ಅವನು ಎಲ್ಲಕ್ಕಿಂತ ಹಿಂದಿನ ಸೀಟಿನಲ್ಲಿ, ತೆಂಗಿನಕಾಯಿ ಚೀಲದ ಪಕ್ಕ ಮುದುರಿ ಕೂತ.

ಹೀಗೆ ಅವನು ಹೊಸ್ತಿಲವರೆಗೆ ಹೋದ. ಅಜ್ಜಿಯ ಕೈ ಹಿಡಿದು ಇಳಿಸಿದನಂತೆ. ರಾಹುಕಾಲಕ್ಕೆ ಹತ್ತು ನಿಮಿಷ ಉಳಿದಿತ್ತಂತೆ. ಕಾರನ್ನು ಅಲ್ಲೇ ಬಿಟ್ಟು, ಮೆಟ್ರೋ ಹತ್ತಿ ಅತ್ತಿಗುಪ್ಪೆಯಲ್ಲಿ ಇಳಿದು, ನಡೆದು ಮನೆಗೆ ಬಂದ. ನಾನು ಕೀ ಕೊಟ್ಟ ವಿಷಯವನ್ನು ಅವನು ಎತ್ತಲಿಲ್ಲ. ಮರುದಿನ ನಾನೇ ಎತ್ತಿದೆ. ವಾಸನೆ ಗೊತ್ತಾಗಿತ್ತು ಎಂದೆ. ನಿನಗೆ ಗೊತ್ತಾಗಿದೆ ಎಂದು ನನಗೂ ಗೊತ್ತಿತ್ತು ಎಂದ, ಅಷ್ಟೇ.

ಅದರ ಬೆಲೆಯನ್ನು ಅವನೇ ತೆತ್ತ. ಅವನಿಗೆ ಬಸವೇಶ್ವರನಗರದಿಂದ ಒಂದು ಸಂಬಂಧ ಮಾತಿನಲ್ಲಿತ್ತು. ಹುಡುಗ ಕುಡಿಯುತ್ತಾನಂತೆ ಎಂದು ಅದು ನಿಂತಿತು. ಅಂದು ಟಾರ್ಪಾಲಿನ ಕೆಳಗೆ ಇಪ್ಪತ್ತು ಹುಡುಗರಾದರೂ ಇದ್ದರು. ಬಾಯಿ ಬಿಟ್ಟು ಹೇಳಿದ ಒಬ್ಬನಿಗೆ ಕುಡುಕನೆಂಬ ಹೆಸರು ಬಂತು. ಉಳಿದವರು ತಮ್ಮ ತಮ್ಮ ಬೈಕ್ ಹತ್ತಿ ಮೈಸೂರು ರಸ್ತೆಗೆ ಇಳಿದರು. ಅವರು ಮನೆ ಮುಟ್ಟಿದ್ದು ಅವರ ಅದೃಷ್ಟ, ನನ್ನದೂ ಹೌದು.

ನಾನು ಮಕ್ಕಳಿಗೆ ಹೇಳಿಕೊಟ್ಟದ್ದು ಬಹಳ. ಆ ಮೆಟ್ಟಿಲುಗಳ ಮೇಲೆ ನನ್ನ ಮಗ ಮಾಡಿದ್ದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅವನು ನನ್ನ ಮಗ ಎಂದು ಹೇಳಿಕೊಳ್ಳುವಾಗ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ನನ್ನ ಮಾತನ್ನಷ್ಟೇ ನಂಬಬೇಕಾಗಿಲ್ಲ. ಕಂಡವರಲ್ಲಿ ನನ್ನ ಅಣ್ಣ ಈಗಿಲ್ಲ. ಬಾಪೂಜಿ ನಗರದಲ್ಲಿ ಬೀಗಿತ್ತಿ ಇದ್ದಾರೆ, ನನ್ನ ಮಗಳಿದ್ದಾಳೆ. ನಕ್ಕ ಗೆಳೆಯರೂ ಇದ್ದಾರೆ. ಅಜ್ಜಿಯೂ ಇದ್ದಾರೆ. ಅವರನ್ನು ಕೇಳುವುದಾದರೆ ಸ್ವಲ್ಪ ಗಟ್ಟಿಯಾಗಿ ಕೇಳಬೇಕು.