ಹಲಗೇರಿಯ ಹತ್ತೊಂಬತ್ತನೆಯ ಪರೀಕ್ಷೆ

ಬೀರವ್ವನ ಹೆಬ್ಬೆರಳು ಮೊಬೈಲಿನ ಮೇಲೆ, ಗಾಳಿಯಲ್ಲೇ ನಿಂತಿತ್ತು. ಹಲಗೇರಿಯ ಅವಳ ಮನೆಯ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತಿದ್ದ ಮಹೇಶ್ವರಿ, ಫೋನು ಬಂತೆಂದು ಅತ್ತ ತಿರುಗಿದ್ದಳು. ಮಾತು ಮುಗಿಸಿ ಇತ್ತ ಹೊರಳಿದಾಗಲೂ ಬೆರಳು ಅಲ್ಲೇ ಇತ್ತು.

"ಯಾಕ ನಿಂತ್ರಿ, ಬೀರವ್ವಕ್ಕಾ?"

"ನೀವು ಆ ಕಡೆ ಹೊಳ್ಳಿ ಕುಂತ್ರ ನನಗ ಹೆಂಗ ತಿಳೀಬೇಕ್ರಿ ಅಕ್ಕಾರ? ನಿಮ್ಮ ಮಾರಿ ನೋಡ್ಕೋಂತ ಒತ್ತಾಕತ್ತಿದ್ದೆ." ಬೀರವ್ವ ನಕ್ಕಳು. "ತಪ್ಪಾದ್ರ ನಿಮ್ಮ ಹುಬ್ಬು ಮ್ಯಾಲೆ ಏರ್ತಾವ. ಅಷ್ಟು ಸಾಕು ನಮಗ."

ಮಹೇಶ್ವರಿಗೆ ನಗು ಬರಲಿಲ್ಲ.

ರಾಣೆಬೆನ್ನೂರಿನ ಒಂದು ಬೀಜ ಕಂಪನಿಯಲ್ಲಿ ಮೂರು ವರ್ಷದಿಂದ ಅವಳಿಗೆ ಇದೇ ಕೆಲಸ. ಕಂಪನಿಯ ವೆಬ್‌ಸೈಟನ್ನು ರೈತರ ಕೈಗೆ ಕೊಟ್ಟು, ಎಲ್ಲಿ ತಡವರಿಸುತ್ತಾರೆ, ಎಲ್ಲಿ ತಪ್ಪು ಒತ್ತುತ್ತಾರೆ ಎಂದು ಬರೆದುಕೊಳ್ಳಬೇಕು. ಹೇಳಿಕೊಡುವಂತಿಲ್ಲ. ಈ ಸಲದ್ದು ಎಣ್ಣೆಯ ಪುಟ. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಇಲ್ಲಿ ಎಣ್ಣೆ ಎಂದೇ ಹೆಸರು. ಹೊಲ ಎಷ್ಟು ಗುಂಟೆ ಎಂದು ತುಂಬಿದರೆ ಎಣ್ಣೆ ಎಷ್ಟು ಬೇಕೆಂದು ಅದು ತೋರಿಸುತ್ತದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೇರಿ ಹದಿನೆಂಟು ಜನರಿಂದ ಒತ್ತಿಸಿ ನೋಡಿದ್ದಳು. ಹದಿನಾರು ಜನ ಸರಿ ಹೇಳಿದ್ದರು. ಪುಟಕ್ಕೆ ಒಪ್ಪಿಗೆ ಬರೆದುಕೊಟ್ಟು ವಾರವಾಗಿತ್ತು. ಸೋಮವಾರ ಅದು ಎಲ್ಲ ರೈತರಿಗೂ ತೆರೆಯುವುದಿತ್ತು. ಇಂದಿನದು ರೈತರು ಪುಟ ಒತ್ತುವ ಹೊಸ ಫೋಟೋಗಳಿಗಾಗಿ ಬಂದ ಭೇಟಿ, ಅಷ್ಟೇ.

"ಇನ್ನೊಮ್ಮೆ ಒತ್ರಿ. ನಾ ನೋಡಂಗಿಲ್ಲ," ಎಂದು ಅವಳು ಬೆನ್ನು ತಿರುಗಿಸಿ ಕೂತಳು. "ಹತ್ತು ಗುಂಟೆ ಅಂತ ಹಾಕ್ರಿ. ಒಂದು ಪಂಪಿಗೆ ಎಷ್ಟು ಎಣ್ಣಿ ಹಾಕ್ತೀರಿ?"

ಬೀರವ್ವ ತಡಮಾಡಲಿಲ್ಲ. "ಅರವತ್ತು ಎಂಎಲ್."

ಪಂಪು ಎಂದರೆ ಬೆನ್ನಿಗೆ ಹಾಕಿ ಎಣ್ಣೆ ಹೊಡೆಯುವ ಡಬ್ಬಿ; ಹತ್ತು ಗುಂಟೆಗೆ ಅಂಥ ನಾಲ್ಕು ಪಂಪು ನೀರು ಬೇಕು. ನಾಲ್ಕಕ್ಕೂ ಸೇರಿ ಅರವತ್ತು ಎಂಎಲ್, ಅಂದರೆ ಪಂಪಿಗೆ ಹದಿನೈದು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿತ್ತು.

"ಕೆಳಗಿಂದು ಓದಲಿಲ್ಲೇನ್ರಿ?"

"ಎಣ್ಣಿ ಅಂದ್ರ ಪಂಪಿನ ಲೆಕ್ಕಾರಿ. ಇಡೀ ಹೊಲದ್ದು ಯಾರು ಕೇಳ್ತಾರ?"

ಯಾರೂ ಕೇಳುವುದಿಲ್ಲ. ಮಹೇಶ್ವರಿ ಬೆಳೆದದ್ದೇ ಅಪ್ಪನ ಗೊಬ್ಬರದಂಗಡಿಯಲ್ಲಿ. ‘ಪಂಪಿಗೆ ಎಷ್ಟು?’ ಎನ್ನುವುದನ್ನು ದಿನಕ್ಕೆ ನೂರು ಸಲ ಕೇಳಿದವಳು. ಬೀರವ್ವನ ಹಿಂದೆ, ಹೈಬ್ರಿಡ್ ಬೀಜಕ್ಕಾಗಿ ಬೆಳೆಸಿದ ಟೊಮ್ಯಾಟೊ ಕ್ರಾಸಿಂಗ್ ಹೊಲ ಕಾಣುತ್ತಿತ್ತು. ಆರು ಹೆಣ್ಣುಮಕ್ಕಳು ಸಾಲಿನಲ್ಲಿ ಬಗ್ಗಿ, ಬರಿಗೈಯಲ್ಲಿ ಒಂದೊಂದೇ ಹೂವು ಬಿಡಿಸಿ ಪರಾಗ ಮುಟ್ಟಿಸುತ್ತಿದ್ದರು. ಒಬ್ಬಳು ಅದೇ ಕೈಯಿಂದ ಬಾಯಿ ಒರೆಸಿಕೊಂಡಳು. ಪಂಪಿಗೆ ಅರವತ್ತು ಹಾಕಿದ್ದರೆ ಆ ಕೈಯ ಮೇಲೆ ನಾಲ್ಕು ಪಟ್ಟು ವಿಷ.

ಬಸ್ಸಿನಲ್ಲಿ ಅವಳು ಹಳೆಯ ಪರೀಕ್ಷೆಗಳ ರೆಕಾರ್ಡಿಂಗ್ ಹಾಕಿ ಕಿವಿಗೆ ಹಿಡಿದಳು. ಬ್ಯಾಡಗಿ ಕಡೆಯ ರೈತ ಪ್ರಭುಲಿಂಗಪ್ಪನ ಧ್ವನಿ: "ಅರವತ್ತು..." ಆಮೇಲೆ ಅವಳದೇ ಧ್ವನಿ, ಮೆಲ್ಲಗೆ: "ಹೂಂ?" ಕೂಡಲೇ ಅವನು, "ಅಲ್ಲಲ್ಲ, ತಡೀರಿ, ಹದಿನೈದ್ರಿ."

ಮುಂದಿನದರಲ್ಲೂ ಅದೇ "ಹೂಂ?". ಅದರ ಮುಂದಿನದರಲ್ಲೂ. ರಾಣೆಬೆನ್ನೂರು ಬರುವಷ್ಟರಲ್ಲಿ ಕೇಳಿದ್ದು ಒಂಬತ್ತು, ತನ್ನ ಧ್ವನಿ ಇದ್ದದ್ದು ಏಳರಲ್ಲಿ. ಉಳಿದ ಎರಡರಲ್ಲಿ ಹುಬ್ಬು ಏರಿತ್ತೋ ಏನೋ, ರೆಕಾರ್ಡಿಂಗ್ ಹೇಳುವುದಿಲ್ಲ.

ಕಚೇರಿಯಲ್ಲಿ ಅವಳ ಮೇಲಧಿಕಾರಿ ವಿಜಯಮಹಾಂತೇಶ ಚಹಾ ಕುಡಿಯುತ್ತಿದ್ದ.

"ಸೋಮವಾರದ್ದು ನಿಲ್ಲಸ್ರಿ ಸರ. ಎಣ್ಣಿ ಪುಟ ತಪ್ಪೈತಿ."

"ಹದಿನೆಂಟರಾಗ ಹದಿನಾರು ಸರಿ ಅಂತ ಬರದಾಕಿ ನೀನಽ ಅಲ್ಲೇನವಾ?"

"ಅವರು ಪುಟ ಓದಿಲ್ರಿ. ನನ್ನ ಮಾರಿ ಓದ್ಯಾರ."

ಅವನು ಮೊದಲು ನಕ್ಕ. ಅವಳು ಪ್ರಭುಲಿಂಗಪ್ಪನ ರೆಕಾರ್ಡಿಂಗ್ ಹಾಕಿದಳು. ಚಹಾದ ಕಪ್ಪು ಮೇಜಿನ ಮೇಲೆ ಇಳಿಯಿತು.

"ಸೋಮವಾರದ್ದು ನಿಲ್ಲಸ್ತೀನಿ," ಎಂದ, ಅವಳ ಕಡೆ ನೋಡದೆ. "ಆದ್ರ ನೋಡವಾ, ಗುರುವಾರನಽ ನಲವತ್ತು ಮಂದಿಗೆ ಲಿಂಕ್ ಕಳಿಸೇವಿ. ನಿನ್ನ ವರದಿ ನೋಡೇ ಕಳಿಸಿದ್ದು."

ಇಂದು ಶನಿವಾರ. ಎರಡು ದಿನ ಆಗಿಹೋಗಿದ್ದವು. ಪುಟವನ್ನು ಅಲ್ಲೇ ಮುಚ್ಚಿಸಿದರು. ನೋಡಿ ಬರೆದಿಟ್ಟುಕೊಂಡವರ ಚೀಟಿ ಮುಚ್ಚುವಂತಿರಲಿಲ್ಲ. ಅವಳು ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಫೋನು ಹಚ್ಚಿದಳು. ಹಾವೇರಿ ತಾಲೂಕಿನ ಗದಿಗೆವ್ವ, "ನಾಳೆ ಮುಂಜಾನೆ ಹೊಡ್ಯಾಕಽ ಅಂತ ತಂದಿಟ್ಟೇನ್ರಿ. ಅರವತ್ತು, ಹೌದಿಲ್ಲೋ?" ಎಂದಾಗ ಮಹೇಶ್ವರಿ, "ಅಲ್ರಿ, ಪಂಪಿಗೆ ಹದಿನೈದಽ," ಎಂದು ಎರಡು ಸಲ ಅವಳ ಬಾಯಿಂದಲೇ ಹೇಳಿಸಿದಳು.

ಸಂಜೆ ಏಳಕ್ಕೆ ಮೂವತ್ತೇಳು ಜನ ಸಿಕ್ಕಿದ್ದರು. ಮೂವರ ಫೋನು ಸ್ವಿಚ್ ಆಫ್. ಮೂವರೂ ಬ್ಯಾಡಗಿ ತಾಲೂಕಿನವರು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಬ್ಯಾಡಗಿಗೆ ಹೊರಡುತ್ತಾಳೆ.