ನಿಂತು ಉಣ್ಣುವ ಮಗಳು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಅತ್ತೆ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಐದು ತುಂಬಿದಾಗ ನನ್ನ ಮಗಳಿಗೆ ಎರಡೂ ಬರುತ್ತಿರಲಿಲ್ಲ. ಮಾತಂತೂ ಒಂದೂ ಇರಲಿಲ್ಲ. ಊಟಕ್ಕೆ ಕೂರುತ್ತಿರಲಿಲ್ಲ, ಅಡುಗೆಮನೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಎರಡೂ ಅಂಗೈ ಕೂಡಿಸಿ ಹಿಡಿಯುತ್ತಿದ್ದಳು. ಅದರಲ್ಲಿ ಇಟ್ಟದ್ದನ್ನಷ್ಟೇ ತಿನ್ನುತ್ತಿದ್ದಳು. ಅನ್ನಕ್ಕೆ ಸಾರು ತಗುಲಿದರೆ, ಇಲ್ಲವೇ ಒಂದು ಕೂದಲು ಕಂಡರೆ, ಕೈ ಬಿಟ್ಟು ಹೊರಟುಬಿಡುತ್ತಿದ್ದಳು. ಆ ಹೊತ್ತಿನ ಊಟ ಅಲ್ಲಿಗೆ ಮುಗಿಯಿತು.

ಬೇರೆಯವರ ಮನೆಯಲ್ಲಾಗಿದ್ದರೆ ಯಾರಾದರೂ ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದರು. ನಾವಿರುವುದು ಸದಲಗಾದಲ್ಲಿ, ಕಬ್ಬು ಬೆಳೆಯುವ ಜೈನರ ಮನೆಯಲ್ಲಿ. ನಮ್ಮ ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತುಕೊಂಡೇ, ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಆಗ ಮಾತಾಡುವುದಿಲ್ಲ. ಕೂದಲು ಕಂಡರೆ ಅಂತರಾಯವಾಯಿತೆಂದು ಊಟ ಬಿಡುತ್ತಾರೆ. ಬಸದಿಗೆ ಮುನಿಗಳು ಬಂದಾಗ ಆಹಾರ ನೀಡಲು ಮೊದಲು ಮಡಿಯುಟ್ಟು ನಿಲ್ಲುವವರು ನಮ್ಮ ಅತ್ತೆ. ಹಾಗಾಗಿ ಮೊಮ್ಮಗಳನ್ನು ಕಂಡು ಅವರಿಗೆ ಗಾಬರಿಯಾಗಲಿಲ್ಲ. ಇದು ಹಿಂದಿನ ಜನ್ಮದ ಸಂಸ್ಕಾರ, ಯಾರೂ ಕೆಡಿಸಬೇಡಿ ಎಂದರು. ಹೆಣ್ಣಾಗಿ ದೀಕ್ಷೆ ಪಡೆದ ಮಾತಾಜಿಯರು ಕೂತೇ ಆಹಾರ ತೆಗೆದುಕೊಳ್ಳುತ್ತಾರಲ್ಲ ಎಂದು ನಾನು ನೆನಪಿಸಿದೆ.

"ಇಕಿ ಒಂದ ಮೆಟ್ಟಲ ಮ್ಯಾಲಿನಾಕಿ," ಎಂದರು ಅತ್ತೆ.

ಸುದ್ದಿ ಹರಡಿತು. ಏಕಸಂಬಿಯಿಂದ ಬೀಗರು ಬಂದರು, ಅಥಣಿಯಿಂದ ನಾದಿನಿ ಬಂದಳು. ಅಂಗಿ ಮೈಗೆ ಚುಚ್ಚುತ್ತದೆಂದು ಮಗಳು ಕಿತ್ತೊಗೆದದ್ದನ್ನೂ ತಲೆದೂಗಿ ನೋಡಿದರು. ಮಾತು ಬೆಳ್ಳಿ, ಮೌನ ಬಂಗಾರ ಎಂದರು. ಅವಳು ಎಲ್ಲರಿಗೂ ಬೆನ್ನು ಮಾಡಿ ಫ್ಯಾನು ತಿರುಗುವುದನ್ನು ನೋಡುತ್ತಿದ್ದಳು; ಅದೂ ವೈರಾಗ್ಯದ ಲೆಕ್ಕಕ್ಕೆ ಜಮೆಯಾಯಿತು. ನಾನು ಬಂದವರಿಗೆಲ್ಲ ಚಹಾ ಮಾಡಿದೆ. ಮಗಳು ತಪಸ್ವಿಯಾದರೂ ಕಪ್ಪುಬಸಿ ತೊಳೆಯುವುದು ತಾಯಿಗೆ ತಪ್ಪುವುದಿಲ್ಲ.

ನನಗೆ ಬಂಗಾರ ಬೇಕಿರಲಿಲ್ಲ. ನೀರಡಿಸಿದಾಗ ಅವಳು ಬಂದು ನನ್ನ ಸೆರಗು ಜಗ್ಗಿದ್ದರೆ ಸಾಕಿತ್ತು. ಜಗ್ಗುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಬಿದ್ದು ಮೊಣಕಾಲು ಒಡೆದುಕೊಂಡರೂ ಅಳುವುದು ಗೋಡೆಯ ಮುಂದೆಯೇ. ಅವಳ ಪಾಲಿಗೆ ನಾನೆಂಬುವಳು ಇದ್ದೇನೋ ಇಲ್ಲವೋ ಎಂದು ನನಗೆ ಅನುಮಾನ ಹತ್ತಿತ್ತು. ಅದನ್ನು ಯಾರ ಮುಂದೂ ಹೇಳಲಿಲ್ಲ, ಹೇಳಿದ್ದರೆ ಅದಕ್ಕೂ ಕೈಮುಗಿಯುತ್ತಿದ್ದರು.

ಶಾಲೆಯಲ್ಲಿ ಈ ಸಂಸ್ಕಾರಕ್ಕೆ ಬೆಲೆ ಸಿಗಲಿಲ್ಲ. ಬಿಸಿಯೂಟದ ಸಾಲಿನಲ್ಲಿ ಭುಜ ಒತ್ತಿ ಕೂರಿಸಹೋದ ಕ್ಲಾಸಿನ ಅಕ್ಕೋರ ಕೈಯನ್ನು ಅವಳು ಕಚ್ಚಿದಳು. ಕೂರುವುದನ್ನು ಕಲಿಸಿ ಆಮೇಲೆ ಕಳಿಸಿ ಎಂದರು ಹೆಡ್‌ಮಾಸ್ತರರು. ಅಹಿಂಸೆಯ ಮನೆಯಲ್ಲಿ ಕಚ್ಚುವವರಿಗೆ ತಪಸ್ವಿಯ ಪಟ್ಟ ನಿಲ್ಲುವುದು ಕಷ್ಟ. ನಾವು ನಿಪ್ಪಾಣಿಯ ಡಾಕ್ಟರಿಗೆ ತೋರಿಸಲು ಹೊರಟಾಗ ಅತ್ತೆಯೂ ಬಸ್ಸು ಹತ್ತಿದರು.

ಡಾಕ್ಟರು ಪರೀಕ್ಷೆ ಮಾಡಿ ಆಟಿಸಂ ಎಂದರು, ಥೆರಪಿಗೆ ಕಳಿಸಿದರು. ಥೆರಪಿಯ ಕೋಣೆ ಒಂದು ಔಷಧದಂಗಡಿಯ ಮಹಡಿಯಲ್ಲಿತ್ತು, ಕಲಿಸುವವಳು ಚಿಕ್ಕ ವಯಸ್ಸಿನ ಹುಡುಗಿ. ಮಾತು ಬಂದರೂ ಬರಬಹುದು, ತಡವೂ ಆಗಬಹುದು, ಮೊದಲು ಮಗು ತಾನಾಗಿ ಒಬ್ಬರ ಬಳಿ ಬರಬೇಕು ಎಂದಳು. ಒಂದೊಂದೇ ವಸ್ತು ತೋರಿಸಿ, ಕಾಯಿರಿ, ಕೈ ಚಾಚಿದರೆ ಕೊಡಿ, ಮುಚ್ಚಿದರೆ ಒತ್ತಾಯಿಸಬೇಡಿ, ಮುಚ್ಚಿದ್ದೂ ಉತ್ತರವೇ ಎಂದಳು. ಅತ್ತೆ ಕೂತಲ್ಲೇ ಮಿಸುಕಿದರು. ಮುನಿಗಳಿಗೆ ನಾವು ನೀಡುವುದೇ ಹೀಗಲ್ಲವೇ ಎಂದು ಶುರುಮಾಡಿ, ಬಟ್ಟಲು ತೋರಿಸುವುದು, ಬೆರಳು ಬಿಗಿದರೆ ಹಿಂದೆ ಸರಿಯುವುದು, ಎಲ್ಲವನ್ನೂ ಅಭಿನಯಿಸಿ ತೋರಿಸಿದರು. ಆ ಹುಡುಗಿ ಖುಷಿಯಾಗಿ ಕೇಳಿದಳು. ಮಗಳಿಗೆಂದು ಕೊಟ್ಟ ಹೊತ್ತಿನಲ್ಲಿ ಅರ್ಧ ಅತ್ತೆಯ ಪಾಠಕ್ಕೇ ಹೋಯಿತು.

ಜಗಳ ಹತ್ತಿದ್ದು ಮುಂದಿನ ವಾರ. ನೀರಿನ ಲೋಟ ಕಣ್ಣಿಗೆ ಕಾಣುವಂತೆ, ಕೈಗೆ ಎಟುಕದಂತೆ ಇಡಿ, ಆಗ ಕೇಳಲು ಬರುತ್ತಾಳೆ ಎಂದು ಹುಡುಗಿ ಹೇಳಿದ್ದಳು. ನಾನು ಲೋಟವನ್ನು ಗೋಡೆಯ ಎತ್ತರದ ಗೂಡಿನಲ್ಲಿಟ್ಟೆ. ಮಗಳು ಗೋಡೆಯ ಕಡೆ ತಿರುಗುವ ಮೊದಲೇ ಅತ್ತೆ ಅದನ್ನಿಳಿಸಿ ಅವಳ ಮುಂದೆ ಹಿಡಿದರು. ಮರುದಿನವೂ ಅದೇ.

"ಉಣ್ಣಾವ್ರು ಬೇಡಬಾರದು," ಎಂದರು. "ಬೇಡಾಕ ಹಚ್ಚಿದ್ರ ಅದು ನೀಡಿದಂಗ ಅಲ್ಲ."

"ನಾವು ಸತ್ತ ಮ್ಯಾಲ ಯಾರು ತಿಳಕೊಂಡು ಕೊಡ್ತಾರ್ರಿ ಅತ್ತಿ?"

ಅತ್ತೆ ಲೋಟವನ್ನು ಇಳಿಸುತ್ತಲೇ ಇದ್ದರು. ನಾನು ಏರಿಸುತ್ತಲೇ ಇದ್ದೆ. ನನ್ನ ಗಂಡ ಇಬ್ಬರ ಮಾತೂ ಖರೆ ಎಂದು ಹೇಳಿ ಹೊಲಕ್ಕೆ ಹೋಗುತ್ತಿದ್ದರು.

ಈ ನಡುವೆ ಹೆಡ್‌ಮಾಸ್ತರರನ್ನು ಕಂಡು, ಅವಳು ನಿಂತು ಉಣ್ಣಲಿ, ಕಚ್ಚಿದರೆ ನನ್ನನ್ನು ಕರೆಯಿರಿ ಎಂದು ಬೇಡಿಕೊಂಡೆ. ನೋಡೋಣ ಎಂದರು, ವರಾಂಡದ ಕಂಬದ ಬಳಿ ಜಾಗ ಕೊಟ್ಟರು. ಅವಳು ಕಚ್ಚಲಿಲ್ಲ. ಆದರೆ ಸ್ವಲ್ಪ ದಿನಕ್ಕೆ ಒಂದನೆಯ ಇಯತ್ತೆಯ ಅರ್ಧ ಮಕ್ಕಳು ಎದ್ದು ನಿಂತು ಅಂಗೈ ಒಡ್ಡತೊಡಗಿದರು. ಬಿಸಿ ಸಾಂಬಾರು ಅಂಗೈಗೆ ಬಿದ್ದ ಮೇಲೆ ಅವರ ವೈರಾಗ್ಯ ಇಳಿಯಿತು. ನನ್ನ ಮಗಳು ಬರೀ ಅನ್ನ ತಿಂದು ಕೈ ತೊಳೆದಳು.

ಕಬ್ಬಿನ ಹಂಗಾಮು ಶುರುವಾಯಿತು. ಒಂದು ದಿನ ನಿಪ್ಪಾಣಿಯಿಂದ ಬರುವಾಗ ನಮ್ಮ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಅತ್ತೆ ಹೊರಗಿನ ನೀರು ಮುಟ್ಟುವುದಿಲ್ಲ, ಮನೆಯಲ್ಲಿ ಬಟ್ಟೆಯಿಂದ ಸೋಸಿದ್ದೇ ಆಗಬೇಕು. ಹೊತ್ತು ಮುಳುಗಿದ ಮೇಲೆ ಬೆಳಗಿನವರೆಗೆ ಅದೂ ಇಲ್ಲ. ಮನೆ ಮುಟ್ಟಿದಾಗ ಸಂಜೆಯ ಕೊನೆಯ ಬಿಸಿಲು ಎದುರುಗೋಡೆಯ ತುದಿಗೆ ಏರಿತ್ತು. ಅತ್ತೆ ಕಟ್ಟೆಯ ಮೇಲೆ ಕುಸಿದು ಕೂತರು. ತುಟಿ ಒಣಗಿ ಬಿಳಿಚಿತ್ತು, ಒಳಗೆ ನಡೆಯುವ ಶಕ್ತಿ ಇರಲಿಲ್ಲ. ನಾನು ಬಾಗಿಲು ತೆಗೆದೆ. ಮಗಳು ನನ್ನನ್ನು ದಾಟಿ ಒಳಗೆ ಓಡಿದಳು. ಫ್ಯಾನಿನ ಕಡೆ ಇರಬೇಕೆಂದುಕೊಂಡು ನಾನು ಚಪ್ಪಲಿ ಬಿಟ್ಟೆ.

ಅವಳು ಹೊರಗೆ ಬಂದಾಗ ಕೈಯಲ್ಲಿ ಅತ್ತೆಯ ಸೋಸಿದ ನೀರಿನ ಹಿತ್ತಾಳೆ ತಂಬಿಗೆ ಇತ್ತು. ಕಟ್ಟೆಯ ಮುಂದೆ ಹೋಗಿ ನಿಂತು ಅದನ್ನು ಅತ್ತೆಯ ಎದೆಯ ಮಟ್ಟಕ್ಕೆ ಹಿಡಿದಳು. ಅವರ ಮುಖ ನೋಡಲಿಲ್ಲ, ಗೋಡೆಯ ಮೇಲಿನ ಬಿಸಿಲು ನೋಡುತ್ತಿದ್ದಳು. ಕಾದಳು. ನಾನು ಬಾಯಿ ತೆರೆದೆ. ಸುಮ್ಮನಿರು ಎಂದು ಅತ್ತೆ ಕಣ್ಣಲ್ಲೇ ಹೇಳಿದರು. ಆಮೇಲೆ ಅಂಗೈ ಕೂಡಿಸಿ ಒಡ್ಡಿದರು. ಮಗಳು ನೀರು ಹೊಯ್ದಳು. ಅರ್ಧ ಅತ್ತೆಯ ಸೀರೆಗೆ ಹೋಯಿತು. ಅವರು ಕುಡಿದು ಬೆರಳು ಬಿಗಿದರು. ಅವಳು ತಂಬಿಗೆ ಹಿಂದೆ ತೆಗೆದುಕೊಂಡಳು. ಇದನ್ನು ನಾನೂ ಕಲಿಸಿರಲಿಲ್ಲ, ಅತ್ತೆಯೂ ಕಲಿಸಿರಲಿಲ್ಲ. ನನ್ನ ಕಣ್ಣು ತುಂಬಿ ಏನೂ ಕಾಣದಂತಾಯಿತು.

ಕಣ್ಣೊರೆಸಿಕೊಂಡಾಗ ತಂಬಿಗೆ ನನ್ನ ಮುಂದೆ ಇತ್ತು. ಅವಳು ಕಾಯುತ್ತಿದ್ದಳು. ಗೋಡೆಯ ಮೇಲೆ ಬಿಸಿಲು ಉಳಿದಿರಲಿಲ್ಲ. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಅತ್ತೆಯ ಕಣ್ಣೆದುರು ಯಾರೂ ಹನಿ ನೀರು ಕುಡಿದದ್ದಿಲ್ಲ. ನಾನು ಅಂಗೈ ಕೂಡಿಸಿ ಒಡ್ಡಿದೆ. ಅತ್ತೆ ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡು, ನಾನು ಕುಡಿದು ಮುಗಿಸುವವರೆಗೂ ಅತ್ತಲೇ ನೋಡುತ್ತಿದ್ದರು.